ಮನೆಯಲ್ಲೇ ಸಿಎನ್‌ಸಿ ರೂಟರ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಸೂಚನೆಯಂತೆ ತಿರುಗುವ ಟೂಲನ್ನು ಓಡಿಸಿ ಮರದ ಜೊತೆಗೆ ಅಲ್ಯೂಮಿನಿಯಂ ಅನ್ನೂ ಕತ್ತರಿಸುವ ಮಷಿನ್ (ಸಿಎನ್‌ಸಿ ರೂಟರ್) ಒಂದನ್ನು ಸ್ವಂತವಾಗಿ ಕಟ್ಟಬೇಕು ಎಂದುಕೊಂಡವರು ಸಾಮಾನ್ಯವಾಗಿ ಮೋಟರ್‌ನಿಂದ ಶುರು ಮಾಡುತ್ತಾರೆ: ಎಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು, ಮೋಟರ್‌ಗೆ ಕರೆಂಟ್ ಕೊಡುವ ಯಾವ ಡ್ರೈವರ್, ಯಾವ ಬೋರ್ಡ್. ಇಲ್ಲಿ ಚೌಕಟ್ಟಿನಿಂದ ಶುರು ಮಾಡಿದ್ದೇನೆ. ಏಕೆಂದರೆ ಮೋಟರ್ ನಾಳೆ ಬದಲಾಯಿಸಬಹುದು, ಬೋರ್ಡ್ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಬಾಗುವ ಚೌಕಟ್ಟನ್ನು ಮಾತ್ರ ಬಿಚ್ಚಿ ಹೊಸದಾಗಿಯೇ ಕಟ್ಟಬೇಕು.

ಮರ, ಅಲ್ಯೂಮಿನಿಯಂ ಎರಡಕ್ಕೂ ಒಂದೇ ಮಷಿನ್ ಸಾಕೇ?

ಸಾಕು. ಅಲ್ಯೂಮಿನಿಯಂಗೆ ತಕ್ಕಂತೆ ಕಟ್ಟಿದರೆ ಮರದ ಕೆಲಸ ಅದರಲ್ಲಿ ಆಗಿಯೇ ಆಗುತ್ತದೆ. ಮರಕ್ಕೆಂದು ಕಟ್ಟಿದ ಮಷಿನ್‌ನಲ್ಲಿ ಅಲ್ಯೂಮಿನಿಯಂ ಆಗುತ್ತದೆ ಎಂದು ಹೇಳಲಾಗದು.

ಮರ ಕೊರೆಯುವಾಗ ಟೂಲ್ 0.2 ಮಿ.ಮೀ. ಅತ್ತಿತ್ತ ಸರಿದರೆ ಅಂಚು ಸ್ವಲ್ಪ ಒರಟಾಗುತ್ತದೆ, ಸ್ಯಾಂಡ್‌ಪೇಪರ್ ಎಳೆದರೆ ಸರಿಹೋಗುತ್ತದೆ. ಅಲ್ಯೂಮಿನಿಯಂನಲ್ಲಿ ಟೂಲಿನ ಒಂದು ಹಲ್ಲು ಒಂದು ಸಲಕ್ಕೆ ತೆಗೆಯುವ ಸಿಪ್ಪೆ, ಅಂದರೆ ಚಿಪ್‌ನ ದಪ್ಪವೇ 0.03ರಿಂದ 0.05 ಮಿ.ಮೀ. ಅಷ್ಟೇ ದೂರ ಟೂಲ್ ಹಿಂದಕ್ಕೆ ಬಾಗಿತೆಂದರೆ ಹಲ್ಲು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಉಜ್ಜಿದಾಗ ಬಿಸಿ ಏರುತ್ತದೆ, ಬಿಸಿಗೆ ಅಲ್ಯೂಮಿನಿಯಂ ಮೆತ್ತಗಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ, ಮುಂದಿನ ಚಿಪ್‌ಗೆ ಹೊರಬರಲು ಜಾಗವಿಲ್ಲದೆ ಟೂಲ್ ಮುರಿಯುತ್ತದೆ. ಕೀರಲು ದನಿ ಕೇಳಿ ನೀವು ಸ್ವಿಚ್‌ನತ್ತ ಕೈ ಚಾಚುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ.

ಎಷ್ಟು ದೊಡ್ಡದು ಕಟ್ಟಲಿ?

ನಿಮಗೆ ಬೇಕೆನಿಸುವುದಕ್ಕಿಂತ ಚಿಕ್ಕದು. ಈ ಇಡೀ ಪುಟದಲ್ಲಿ ಒಂದೇ ಸಲಹೆ ಪಾಲಿಸುವುದಿದ್ದರೆ ಇದನ್ನು ಪಾಲಿಸಿ.

ಎರಡು ತುದಿಯಲ್ಲಿ ಆಧಾರವಿರುವ ತೊಲೆಯ ಮೇಲೆ ಅಷ್ಟೇ ಬಲ ಹಾಕಿ ಉದ್ದವನ್ನು ಮಾತ್ರ ಇಮ್ಮಡಿ ಮಾಡಿದರೆ, ಬಾಗುವುದು ಇಮ್ಮಡಿಯಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. 600 ಮಿ.ಮೀ. ಗ್ಯಾಂಟ್ರಿಯಲ್ಲಿ (ಟೇಬಲ್ಲಿನ ಮೇಲೆ ಅಡ್ಡಲಾಗಿ ನಿಂತು ಟೂಲನ್ನು ಹೊರುವ ಭಾಗ) ಚೆನ್ನಾಗಿದ್ದ ತೊಲೆ 1200 ಮಿ.ಮೀ.ಗೆ ಹೋದಾಗ ಕೈಕೊಡುವುದು ಇದಕ್ಕೇ. ಇದೇ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ: ಆಯತಾಕಾರದ ತೊಲೆಯ ಎತ್ತರ ಇಮ್ಮಡಿಯಾದರೆ ಆ ದಿಕ್ಕಿನಲ್ಲಿ ಅದು ಎಂಟು ಪಟ್ಟು ಕಡಿಮೆ ಬಾಗುತ್ತದೆ.

ಅಲ್ಯೂಮಿನಿಯಂ ಬೇಕೆನ್ನುವವರಿಗೆ ಮೊದಲ ಮಷಿನ್‌ನಲ್ಲಿ 600×400 ಮಿ.ಮೀ. ಕೆಲಸದ ಜಾಗ, 100 ಮಿ.ಮೀ. ಝಡ್ ಓಟ (ಟೂಲ್ ಮೇಲೆ ಕೆಳಗೆ ಸರಿಯುವ ದೂರ) ಧಾರಾಳ. ಪೂರ್ತಿ 8×4 ಅಡಿ ಹಲಗೆ ಕತ್ತರಿಸುವ ಆಸೆ ಇದ್ದರೆ ಅದನ್ನು ಮರದ ಮಷಿನ್ ಎಂದೇ ಒಪ್ಪಿಕೊಂಡು ಕಟ್ಟಿ.

ಝಡ್ ಎತ್ತರದ ವಿಷಯದಲ್ಲಿ ಇನ್ನೂ ಜಿಪುಣತನ ಬೇಕು. ಗ್ಯಾಂಟ್ರಿಯ ಕೆಳಗೆ 200 ಮಿ.ಮೀ. ಜಾಗ ಬಿಟ್ಟು ನೀವು ಕತ್ತರಿಸುವುದು 10 ಮಿ.ಮೀ. ತಟ್ಟೆ ಆದರೆ, ಸ್ಪಿಂಡಲ್ (ಟೂಲನ್ನು ಹಿಡಿದು ತಿರುಗಿಸುವ ಮೋಟರ್) ಪ್ರತಿ ಸಲವೂ ಉದ್ದಕ್ಕೆ ಕೆಳಗಿಳಿದು ನೇತಾಡುತ್ತಲೇ ಕೆಲಸ ಮಾಡಬೇಕು. ಒಂದೇ ತುದಿಯಲ್ಲಿ ಹಿಡಿದ ತೊಲೆಯ ಸ್ಥಿತಿ ಅದು.

ಗ್ಯಾಂಟ್ರಿ ಚಲಿಸಬೇಕೋ, ಟೇಬಲ್ ಚಲಿಸಬೇಕೋ?

ಟೇಬಲ್ ಚಲಿಸಿದರೆ ಗ್ಯಾಂಟ್ರಿಯನ್ನು ಎಷ್ಟು ಭಾರವಾಗಿಯಾದರೂ ಕಟ್ಟಿ ನೆಲಕ್ಕೆ ಬಿಗಿಯಬಹುದು. ಸಣ್ಣ ಮಷಿನ್‌ಗೆ, ಅದರಲ್ಲೂ ಲೋಹಕ್ಕೆ, ನನ್ನ ಮತ ಇದಕ್ಕೇ. ತೊಂದರೆ ಏನೆಂದರೆ ಮಷಿನ್ ನಿಲ್ಲಲು ಟೇಬಲ್ಲಿನ ಓಟಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಉದ್ದ ಜಾಗ ಬೇಕು. ಜಾಗ ಕಡಿಮೆ, ಹಲಗೆ ದೊಡ್ಡದು ಎಂದಾದರೆ ಚಲಿಸುವ ಗ್ಯಾಂಟ್ರಿಯೇ ದಾರಿ.

ಚೌಕಟ್ಟಿಗೆ ಯಾವ ಸಾಮಾನು? ಅಲ್ಯೂಮಿನಿಯಂ ಪ್ರೊಫೈಲೋ, ಉಕ್ಕೋ, ಎಂಡಿಎಫ್ಫೋ?

ಬಾಗದ ಗುಣವನ್ನು ಅಳೆಯುವ ಯಂಗ್ಸ್ ಮಾಡ್ಯುಲಸ್ ಉಕ್ಕಿಗೆ ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂಗೆ ಸುಮಾರು 70, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ 3–4. ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ ಕೊಂಡರೆ ಚೌಕಟ್ಟು ಕಡಿಮೆ ಬಾಗುತ್ತದೆ ಎಂದು ಹಲವರು ನಂಬುತ್ತಾರೆ. 6061 ಆಗಲಿ 7075 ಆಗಲಿ, ಮಾಡ್ಯುಲಸ್ ಬಹುತೇಕ ಒಂದೇ. ಮುರಿಯದಿರುವುದು ಬೇರೆ, ಬಾಗದಿರುವುದು ಬೇರೆ; ನಮಗೆ ಬೇಕಾದದ್ದು ಎರಡನೆಯದು, ಮತ್ತು ಅದು ಬರುವುದು ಆಕಾರದಿಂದ, ಗಾತ್ರದಿಂದ.

ಟಿ-ಸ್ಲಾಟ್ ಅಲ್ಯೂಮಿನಿಯಂ ಪ್ರೊಫೈಲ್ (ಉದ್ದಕ್ಕೂ ಬೋಲ್ಟ್ ಕೂರುವ ಸೀಳಿರುವ ತೊಲೆ) ಕೆಲಸಕ್ಕೆ ಸುಲಭ: ಕತ್ತರಿಸಿ, ಬೋಲ್ಟ್ ಹಾಕಿ, ತಪ್ಪಾದರೆ ಬಿಚ್ಚಿ. ಗ್ಯಾಂಟ್ರಿಗೆ 80×80 ಅಥವಾ ಅದಕ್ಕೂ ದೊಡ್ಡ, ದಪ್ಪ ಗೋಡೆಯ ಪ್ರೊಫೈಲ್ ತೆಗೆದುಕೊಳ್ಳಿ. 20×40 ಪ್ರೊಫೈಲ್ ಗ್ಯಾಂಟ್ರಿಯನ್ನು ಮರಕ್ಕೂ ನಾನು ಸೂಚಿಸುವುದಿಲ್ಲ. ಮೂಲೆಗಳಲ್ಲಿ ಎಲ್ ಆಕಾರದ ಸಣ್ಣ ಬ್ರ್ಯಾಕೆಟ್ ನಂಬಬೇಡಿ. ಪ್ರೊಫೈಲಿನ ತುದಿಗೆ ಬೋಲ್ಟ್ ತಿರುಗಿಸುವ ಥ್ರೆಡ್ ಕೊರೆದು, 12 ಮಿ.ಮೀ. ತಟ್ಟೆಯ ಮೂಲಕ ನೇರ ಬೋಲ್ಟ್ ಬಿಗಿಯಿರಿ.

ಉಕ್ಕಿನ ಚೌಕ ಕೊಳವೆ ಅದೇ ಗಾತ್ರಕ್ಕೆ ತುಂಬಾ ಗಟ್ಟಿ, ಬೆಲೆಯೂ ಕಡಿಮೆ. ಆದರೆ ವೆಲ್ಡಿಂಗ್ ಬಿಸಿ ಅದನ್ನು ಸೊಟ್ಟ ಮಾಡುತ್ತದೆ. ರೈಲ್ ಕೂರುವ ಜಾಗವನ್ನು ವೆಲ್ಡಿಂಗ್ ಆದ ಮೇಲೆ ಮಿಲ್ಲಿಂಗ್ ಮಾಡಿಸಿ (ಯಂತ್ರದಲ್ಲಿ ಹೆರೆಸಿ) ಮಟ್ಟ ಮಾಡಬೇಕು, ಇಲ್ಲವೇ ನೀರಿನಂತೆ ಹರಿಯುವ ಎಪಾಕ್ಸಿ ಅಂಟನ್ನು ಸುರಿದು ಅದು ತಾನಾಗಿ ಮಟ್ಟವಾಗಿ ಗಟ್ಟಿಯಾಗಲು ಬಿಡಬೇಕು. ಕೊಳವೆಯೊಳಗೆ ಒಣ ಮರಳು ತುಂಬುವುದೂ ಒಳ್ಳೆಯದೇ. ಬಾಗುವುದನ್ನು ಅದು ಅಷ್ಟೇನೂ ತಡೆಯದು, ಕಂಪನವನ್ನು ಮಾತ್ರ ಚೆನ್ನಾಗಿ ನುಂಗುತ್ತದೆ.

ಹೆಚ್ಚು ಜನ ಗಮನಿಸದ ಒಂದು ಸಂಗತಿ: ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ, ಉಕ್ಕು 0.012. ಅಲ್ಯೂಮಿನಿಯಂ ತೊಲೆಯ ಒಂದೇ ಮುಖಕ್ಕೆ ಉಕ್ಕಿನ ರೈಲ್ ಬಿಗಿದಿದ್ದು, ಉಷ್ಣಾಂಶ 20 ಡಿಗ್ರಿ ಬದಲಾದರೆ ಎರಡರ ನಡುವೆ 0.2 ಮಿ.ಮೀ.ಗೂ ಹೆಚ್ಚು ಎಳೆದಾಟ. ತೊಲೆ ಬಿಲ್ಲಿನಂತೆ ಬಾಗಲು ಅಷ್ಟು ಸಾಕು. ಚಳಿಯಲ್ಲಿ ಹೊಂದಿಸಿದ ಮಷಿನ್ ಬಿಸಿಲುಗಾಲದಲ್ಲಿ ಅಳತೆ ತಪ್ಪಿದರೆ ಮೊದಲು ಇದನ್ನು ಅನುಮಾನಿಸಿ.

ಯಾವ ರೈಲ್ ಹಾಕಲಿ?

ಪ್ರೊಫೈಲ್ ರೈಲ್. ಅಂದರೆ ಎಚ್‌ಜಿಆರ್15 ಅಥವಾ ಎಚ್‌ಜಿಆರ್20 ಎಂದು ಸಿಗುವ ಚೌಕ ರೈಲುಗಳು. ಎರಡು ತುದಿಯಲ್ಲಷ್ಟೇ ಹಿಡಿದ ದುಂಡು ಸರಳು ಮಧ್ಯದಲ್ಲಿ ಬಾಗುತ್ತದೆ, ಅದನ್ನು ಮರೆತುಬಿಡಿ. ಕೆಳಗೆ ಉದ್ದಕ್ಕೂ ಆಧಾರವಿರುವ ದುಂಡು ರೈಲ್ (ಎಸ್‌ಬಿಆರ್) ಮರಕ್ಕೆ ಸಾಕು, ಆದರೆ ಅದರ ತೆರೆದ ಬೇರಿಂಗ್ ಮೇಲ್ಮುಖವಾಗಿ ಎಳೆದಾಗ ಸಡಿಲಿಸುತ್ತದೆ.

ರೈಲಿಗಿಂತ ಅದನ್ನು ಕೂರಿಸುವ ರೀತಿ ಮುಖ್ಯ. ಒಂದು ರೈಲನ್ನು ಮೊದಲು ನೇರ ಅಂಚಿಗೆ ಒತ್ತಿಟ್ಟು, ಡಯಲ್ ಗೇಜ್ (ತುದಿ ತುಸು ಸರಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಓಡಿಸಿ ನೋಡಿ ಪೂರ್ತಿ ಬಿಗಿಯಿರಿ. ಎರಡನೆಯದರ ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಟ್ಟು ಎರಡರ ಮೇಲೂ ಗ್ಯಾಂಟ್ರಿ ಕೂರಿಸಿ. ಅದನ್ನು ಈ ತುದಿಯಿಂದ ಆ ತುದಿಗೆ ಕೈಯಿಂದ ತಳ್ಳುತ್ತಾ, ರೈಲಿನ ಮೇಲೆ ಜಾರುವ ಬ್ಲಾಕ್ ಎಲ್ಲಿದೆಯೋ ಅದರ ಪಕ್ಕದ ಬೋಲ್ಟ್ ಒಂದೊಂದನ್ನೇ ಬಿಗಿಯುತ್ತಾ ಹೋಗಿ. ಎರಡನೇ ರೈಲ್ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಕೊನೆಗೆ ಒಂದೇ ಬೆರಳಿನಲ್ಲಿ ತಳ್ಳಿದರೆ ಉದ್ದಕ್ಕೂ ಒಂದೇ ಹದದಲ್ಲಿ ಸರಿಯಬೇಕು. ನಡುವೆ ಎಲ್ಲಾದರೂ ಬಿಗಿಯಾಯಿತೆಂದರೆ ಕೆಳಗಿನ ಮೇಲ್ಮೈ ಅಲ್ಲಿ ಸೊಟ್ಟಗಿದೆ. ಅಲ್ಲಿ ತೆಳು ತಗಡಿನ ಶಿಮ್ ಇಡಿ, ಮೋಟರ್ ಎಳೆದುಕೊಳ್ಳುತ್ತದೆ ಬಿಡಿ ಎಂದು ಮುಂದೆ ಹೋಗಬೇಡಿ.

ಝಡ್‌ನಲ್ಲಿ ಬ್ಲಾಕ್‌ಗಳನ್ನು ಹಿಂದಿನ ತಟ್ಟೆಗೂ, ರೈಲನ್ನು ಚಲಿಸುವ ತಟ್ಟೆಗೂ ಬಿಗಿಯುವುದು ಒಳ್ಳೆಯದು. ಬ್ಲಾಕ್‌ಗಳು ಗ್ಯಾಂಟ್ರಿಯ ಕೆಳ ಅಂಚಿನ ಹತ್ತಿರವೇ ಉಳಿಯುತ್ತವೆ, ಸ್ಪಿಂಡಲ್ ಮೇಲೇರಿದಷ್ಟೂ ನೇತಾಡುವ ಉದ್ದ ಕಡಿಮೆಯಾಗುತ್ತದೆ.

ಬೆಲ್ಟ್, ಲೀಡ್ ಸ್ಕ್ರೂ, ಬಾಲ್ ಸ್ಕ್ರೂ ಇವುಗಳಲ್ಲಿ ಯಾವುದು?

ಮೋಟರ್‌ನ ಸುತ್ತನ್ನು ಅಕ್ಷದ ಓಟವಾಗಿಸುವುದು ಇವು. ಬೆಲ್ಟ್ ಹಿಗ್ಗುತ್ತದೆ, ಹಾಗಾಗಿ ಲೋಹಕ್ಕೆ ಬೇಡ. ಟಿ8 ಲೀಡ್ ಸ್ಕ್ರೂ ಅಗ್ಗ, ಆದರೆ ತೆಳು, ನಟ್ ಬೇಗ ಸವೆಯುತ್ತದೆ. ಈ ಗಾತ್ರದ ಮಷಿನ್‌ಗೆ 1605 ಬಾಲ್ ಸ್ಕ್ರೂ (ನಟ್‌ನೊಳಗೆ ಉರುಳುವ ಗುಂಡುಗಳಿರುವ ಸ್ಕ್ರೂ), ಅಂದರೆ 16 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 5 ಮಿ.ಮೀ. ಓಟ, ಸರಿಯಾದ ಆಯ್ಕೆ. ಸಾಮಾನ್ಯವಾಗಿ ಸಿಗುವ ಸಿ7 ದರ್ಜೆಯಲ್ಲಿ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶವಿದೆ.

ಉದ್ದ ಹೆಚ್ಚಾದಂತೆ ಸ್ಕ್ರೂ ತಿರುಗುವಾಗ ಹಗ್ಗದಂತೆ ಬಳುಕತೊಡಗುತ್ತದೆ. ಉದ್ದ ಇಮ್ಮಡಿಯಾದರೆ ಸುರಕ್ಷಿತ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದೂವರೆ ಮೀಟರ್ ದಾಟಿದ ಅಕ್ಷಕ್ಕೆ ರ‍್ಯಾಕ್ ಮತ್ತು ಪಿನಿಯನ್ (ಹಲ್ಲಿನ ಪಟ್ಟಿ, ಅದರ ಮೇಲೆ ಉರುಳುವ ಹಲ್ಲುಚಕ್ರ) ಯೋಚಿಸಿ.

ಸ್ಕ್ರೂವಿನ ಮೋಟರ್ ಬದಿಗೆ ಬಿಕೆ12, ಇನ್ನೊಂದು ಬದಿಗೆ ಬಿಎಫ್12 ಎಂಬ ಬೇರಿಂಗ್ ಆಧಾರ ಹಾಕಿ. ಸ್ಕ್ರೂ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಬಿಕೆಯಲ್ಲಿರುವ ಬೇರಿಂಗ್. ಅದರ ಲಾಕ್ ನಟ್ ಸಡಿಲವಿದ್ದರೆ ಎಷ್ಟೇ ಒಳ್ಳೆಯ ಬಾಲ್ ನಟ್ ಹಾಕಿದ್ದರೂ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗ ಕಾಣುವ ಸಡಿಲ) ಹೋಗುವುದಿಲ್ಲ.

ಎಷ್ಟು ಟಾರ್ಕ್‌ನ ಮೋಟರ್ ಬೇಕು?

ಲೆಕ್ಕ ಹಾಕಿ ನೋಡೋಣ. 5 ಮಿ.ಮೀ. ಲೀಡ್‌ನ (ಒಂದು ಸುತ್ತಿನ ಓಟ) ಬಾಲ್ ಸ್ಕ್ರೂ, ದಕ್ಷತೆ ಶೇ 90. ಮೋಟರ್ 1 ನ್ಯೂಟನ್-ಮೀಟರ್ ಕೊಟ್ಟರೆ ನಟ್‌ನಲ್ಲಿ ಸಿಗುವ ತಳ್ಳುಬಲ ಸುಮಾರು 1,100 ನ್ಯೂಟನ್, ಅಂದರೆ 110 ಕಿಲೋ ಭಾರಕ್ಕಿಂತ ಹೆಚ್ಚು. ಇಂಥ ಮಷಿನ್‌ನಲ್ಲಿ ಅಲ್ಯೂಮಿನಿಯಂ ಕತ್ತರಿಸಲು ಅದರ ಹತ್ತನೇ ಒಂದು ಭಾಗವೂ ಬೇಕಾಗುವುದು ಅಪರೂಪ. ಮೋಟರ್ ಬಲ ಸಾಲದೆ ನಿಲ್ಲುವುದಕ್ಕಿಂತ ಬಹಳ ಮೊದಲೇ ಚೌಕಟ್ಟು ಬಾಗಿರುತ್ತದೆ.

ಹಾಗಾಗಿ 2ರಿಂದ 3 ನ್ಯೂಟನ್-ಮೀಟರ್‌ನ ನೆಮಾ 23 ಗಾತ್ರದ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಸಾಕು. ಆ ಅಂಕಿ ನಿಂತ ಮೋಟರ್‌ನದ್ದು; ವೇಗ ಏರಿದಂತೆ ಟಾರ್ಕ್ ಇಳಿಯುತ್ತದೆ, ಇಂಡಕ್ಟೆನ್ಸ್ ಹೆಚ್ಚಿರುವ ಮೋಟರ್‌ನಲ್ಲಿ ಇನ್ನೂ ಬೇಗ ಇಳಿಯುತ್ತದೆ. ಇದಕ್ಕೆ ಮದ್ದು ವೋಲ್ಟೇಜ್: 24 ವೋಲ್ಟ್ ಬದಲು 36 ಅಥವಾ 48 ಕೊಡಿ, ಡ್ರೈವರ್‌ನ ಮಿತಿ ನೋಡಿಕೊಂಡು.

ಸ್ಟೆಪ್ ಲೆಕ್ಕ: ಸುತ್ತಿಗೆ 200 ಸ್ಟೆಪ್, 8 ಮೈಕ್ರೊಸ್ಟೆಪ್ (ಡ್ರೈವರ್ ಪ್ರತಿ ಸ್ಟೆಪ್ಪನ್ನು ಎಂಟು ಭಾಗ ಮಾಡುವುದು), 5 ಮಿ.ಮೀ. ಲೀಡ್ ಎಂದರೆ ಮಿ.ಮೀ.ಗೆ 320 ಸ್ಟೆಪ್. ಒಂದು ಸ್ಟೆಪ್ 0.003 ಮಿ.ಮೀ. ಎಂದು ಬಂದರೂ ಮಷಿನ್ ಅಷ್ಟು ನಿಖರ ಎಂದರ್ಥವಲ್ಲ.

ಯಾವ ಕಂಟ್ರೋಲರ್?

ಮೊದಲ ಮಷಿನ್‌ಗೆ ಜಿಆರ್‌ಬಿಎಲ್ ಎಂಬ ಸಾಫ್ಟ್‌ವೇರ್ ಸಾಕು. ಆರ್ಡುಯಿನೊ ಊನೊ ಬೋರ್ಡಿನ ಮೇಲೆ ಅದು ಸೆಕೆಂಡಿಗೆ ಸುಮಾರು 30,000 ಪಲ್ಸ್ (ಒಂದು ಪಲ್ಸ್‌ಗೆ ಒಂದು ಸ್ಟೆಪ್) ಕೊಡಬಲ್ಲದು. ನಿಮಿಷಕ್ಕೆ 3,000 ಮಿ.ಮೀ. ವೇಗದಲ್ಲಿ ಮೇಲಿನ ಲೆಕ್ಕಕ್ಕೆ 16,000 ಬೇಕು. ಮೈಕ್ರೊಸ್ಟೆಪ್ 16 ಮಾಡಿದರೆ 32,000, ಮಿತಿ ದಾಟಿತು. ಗ್ಯಾಂಟ್ರಿಯ ಎರಡು ಬದಿಗೆ ಎರಡು ಮೋಟರ್ ಇದ್ದು, ಹೋಮಿಂಗ್ (ಮಷಿನ್ ತನ್ನ ಸೊನ್ನೆ ಜಾಗ ಹುಡುಕುವುದು) ವೇಳೆ ಅದು ತಾನಾಗಿ ಮೂಲೆಮಟ್ಟಕ್ಕೆ ಬರಬೇಕೆಂದರೆ ಜಿಆರ್‌ಬಿಎಲ್‌ಹ್ಯಾಲ್ ಅಥವಾ ಫ್ಲೂಯಿಡ್‌ಎನ್‌ಸಿ ನೋಡಿ. ಲಿನಕ್ಸ್‌ಸಿಎನ್‌ಸಿ ಇವೆಲ್ಲಕ್ಕಿಂತ ಸಮರ್ಥ, ಕಲಿಯಲು ಹೆಚ್ಚು ಸಮಯ ಬೇಡುತ್ತದೆ.

ಸ್ಪಿಂಡಲ್‌ಗೆ ಸಾಮಾನ್ಯ ಟ್ರಿಮ್ ರೂಟರ್ ಸಾಕೇ?

ಶುರುವಿಗೆ ಸಾಕು. ವೇಗ ಬದಲಾಯಿಸಲು ಬರುವ, 65 ಮಿ.ಮೀ. ಮೈಯ, ಮರಗೆಲಸದವರು ಕೈಯಲ್ಲಿ ಹಿಡಿಯುವ ಟ್ರಿಮ್ ರೂಟರ್‌ನಲ್ಲಿ ಮರ ಚೆನ್ನಾಗಿಯೇ ಆಗುತ್ತದೆ, ಅಲ್ಯೂಮಿನಿಯಂ ನಿಧಾನವಾಗಿ ಆಗುತ್ತದೆ. ಸದ್ದು ಜಾಸ್ತಿ, ಕಾರ್ಬನ್ ಬ್ರಷ್ ಸವೆಯುತ್ತಿರುತ್ತದೆ. ಗಂಟೆಗಟ್ಟಲೆ ಓಡಿಸುವವರು ವಿಎಫ್‌ಡಿ (ಕರೆಂಟಿನ ಆವರ್ತನ ಬದಲಿಸಿ ವೇಗ ಹೊಂದಿಸುವ ಸಾಧನ) ಇರುವ ಸ್ಪಿಂಡಲ್‌ಗೆ ಹೋಗಲೇಬೇಕು. 80 ಮಿ.ಮೀ. ವ್ಯಾಸದ 2.2 ಕಿಲೋವ್ಯಾಟ್ ಸ್ಪಿಂಡಲ್‌ನಲ್ಲಿ ಇಆರ್20 ಕಾಲೆಟ್ (ಟೂಲನ್ನು ಕಚ್ಚಿ ಹಿಡಿಯುವ ಬಳೆ) ಇರುತ್ತದೆ, 400 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 24,000 ಸುತ್ತು. ವಿಎಫ್‌ಡಿಯ ಸೆಟ್ಟಿಂಗ್‌ಗಳನ್ನು ಸ್ಪಿಂಡಲ್‌ನ ಫಲಕಕ್ಕೆ ಹೊಂದಿಸದೆ ಒಮ್ಮೆಯೂ ಚಾಲು ಮಾಡಬೇಡಿ.

ಕಾಲೆಟ್ ಹಾಕುವ ಕ್ರಮಕ್ಕೂ ಬೆಲೆ ಇದೆ. ಇಆರ್ ಕಾಲೆಟ್ ಅನ್ನು ಮೊದಲು ನಟ್‌ನೊಳಗೆ ಓರೆಯಾಗಿ ಒತ್ತಿ ‘ಟಕ್’ ಎಂದು ಕೂರಿಸಬೇಕು, ಆಮೇಲೆ ನಟ್ ಸಮೇತ ಸ್ಪಿಂಡಲ್‌ಗೆ ತಿರುಗಿಸಬೇಕು. ಕಾಲೆಟ್ ಅನ್ನು ಸ್ಪಿಂಡಲ್‌ನಲ್ಲಿಟ್ಟು ಮೇಲಿಂದ ನಟ್ ಹಾಕಿದರೆ ಟೂಲ್ ಕೇಂದ್ರ ಬಿಟ್ಟು ತಿರುಗುತ್ತದೆ. ಆ ಓಲಾಟ 0.03 ಮಿ.ಮೀ. ಇದ್ದರೂ, 0.04 ಚಿಪ್ ತೆಗೆಯಬೇಕಾದ ಎರಡು ಹಲ್ಲಿನ ಟೂಲಿನಲ್ಲಿ ದುಡಿಯುವುದು ಬಹುಪಾಲು ಒಂದೇ ಹಲ್ಲು.

ಸ್ಪಿಂಡಲ್ ಚಾಲು ಮಾಡಿದ ಕೂಡಲೇ ಮಷಿನ್ ಲಿಮಿಟ್ ಅಲಾರಂ ತೋರಿಸಿ ನಿಲ್ಲುತ್ತದೆ. ಏಕೆ?

ವಿಎಫ್‌ಡಿ ಹೊರಡಿಸುವ ವಿದ್ಯುತ್ ಗದ್ದಲ ಲಿಮಿಟ್ ಸ್ವಿಚ್‌ನ (ಓಟದ ಕೊನೆ ಬಂತೆಂದು ತಿಳಿಸುವ ಸ್ವಿಚ್) ವೈರಿಗೆ ಸೇರುತ್ತಿದೆ. ಸ್ಪಿಂಡಲ್‌ಗೆ ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡ್ ಅನ್ನು ವಿಎಫ್‌ಡಿಯ ಅರ್ತ್‌ಗೆ ಸೇರಿಸಿ, ಸ್ವಿಚ್ ವೈರುಗಳನ್ನು ಅದರಿಂದ ದೂರ ಓಡಿಸಿ. ಸ್ವಿಚ್‌ಗಳನ್ನು ನಾರ್ಮಲಿ ಕ್ಲೋಸ್ಡ್ ಆಗಿ (ಒತ್ತದಿದ್ದಾಗ ಕರೆಂಟ್ ಹರಿಯುವಂತೆ) ಜೋಡಿಸಿದರೆ ಗದ್ದಲವೂ ಕಡಿಮೆ, ವೈರ್ ತುಂಡಾದರೆ ಕೂಡಲೇ ತಿಳಿಯುತ್ತದೆ ಕೂಡ.

ಅರ್ತಿಂಗ್ ಬಗ್ಗೆ ಒಂದು ಮಾತು. ಕೆಲವು ಸ್ಪಿಂಡಲ್‌ಗಳ ಪ್ಲಗ್ಗಿನಲ್ಲಿ ನಾಲ್ಕನೇ ಪಿನ್ ಇದ್ದರೂ ಒಳಗೆ ಅದು ಮೈಗೆ ಸೇರಿರುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿ. ಸೇರಿಲ್ಲದಿದ್ದರೆ ಸ್ಪಿಂಡಲ್‌ನ ಮೈಗೆ ಅರ್ತ್ ಜೋಡಿಸದೆ ಮುಂದುವರಿಯಬೇಡಿ. ವಿಎಫ್‌ಡಿಯ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಪ್ರಾಣಾಪಾಯದ ವೋಲ್ಟೇಜ್ ಹಿಡಿದಿರುತ್ತವೆ. ಮುಚ್ಚಳ ತೆಗೆಯುವ ಮುನ್ನ ಅದರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ, ಅಳೆದು ಖಚಿತಪಡಿಸಿಕೊಳ್ಳಿ. ಮನೆಯ ಮುಖ್ಯ ಕರೆಂಟಿನ ಜೋಡಣೆ ಗೊತ್ತಿಲ್ಲದವರು ಆ ಭಾಗವನ್ನು ಬಲ್ಲವರಿಂದಲೇ ಮಾಡಿಸಬೇಕು.

ಕಟ್ಟಿದ ಮಷಿನ್ ಎಷ್ಟು ಗಟ್ಟಿ ಎಂದು ಅಳೆಯುವುದು ಹೇಗೆ?

ಒಂದು ಡಯಲ್ ಗೇಜ್, ಲಗೇಜ್ ತೂಗುವ ಒಂದು ಕೊಕ್ಕೆ ತಕ್ಕಡಿ ಸಾಕು. ಮೋಟರ್‌ಗಳಿಗೆ ಕರೆಂಟ್ ಕೊಟ್ಟು ನಿಲ್ಲಿಸಿ. ಡಯಲ್ ಗೇಜ್ ಅನ್ನು ಟೇಬಲ್ಲಿಗೆ ಬಿಗಿದು, ಅದರ ತುದಿಯನ್ನು ಸ್ಪಿಂಡಲ್‌ನ ಕಾಲೆಟ್ ನಟ್‌ಗೆ ತಾಗಿಸಿ. ತಕ್ಕಡಿಯಿಂದ ನಟ್ ಅನ್ನು 5 ಕಿಲೋ ತೋರಿಸುವವರೆಗೆ ಎಳೆಯಿರಿ. ಮುಳ್ಳು 0.05 ಮಿ.ಮೀ. ಸರಿದರೆ ಮಷಿನ್‌ನ ಗಟ್ಟಿತನ ಮಿ.ಮೀ.ಗೆ ಸುಮಾರು 1,000 ನ್ಯೂಟನ್. ಅಲ್ಯೂಮಿನಿಯಂ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ಗೆರೆ ಇದು. 0.2 ಸರಿದರೆ ಅದು ಮರದ ಮಷಿನ್. ಎಕ್ಸ್, ವೈ ಎರಡೂ ದಿಕ್ಕಿನಲ್ಲಿ, ಝಡ್ ಪೂರ್ತಿ ಇಳಿಸಿ ನೋಡಿ. ಬಿಟ್ಟ ಮೇಲೆ ಮುಳ್ಳು ಸೊನ್ನೆಗೆ ಮರಳದಿದ್ದರೆ ಎಲ್ಲೋ ಬೋಲ್ಟ್ ಸಡಿಲ ಅಥವಾ ಬ್ಯಾಕ್‌ಲ್ಯಾಶ್.

ಪರೀಕ್ಷೆಯ ನಿಜವಾದ ಲಾಭ ಆಮೇಲಿನದು. ಎಳೆಯುವ ಜಾಗ ಬದಲಿಸದೆ ಗೇಜನ್ನು ಮಾತ್ರ ಸರಿಸುತ್ತಾ ಹೋಗಿ: ಸ್ಪಿಂಡಲ್ ಕ್ಲಾಂಪ್, ಝಡ್ ತಟ್ಟೆ, ಗ್ಯಾಂಟ್ರಿ ತೊಲೆ, ಪಕ್ಕದ ಕಂಬ. ಕಂಬದಲ್ಲಿ 0.01, ತೊಲೆಯಲ್ಲಿ 0.02, ಝಡ್ ತಟ್ಟೆಯಲ್ಲಿ 0.12 ಎಂದು ಬಂದರೆ ರೋಗ ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ದುಡ್ಡು, ದಪ್ಪ ತಟ್ಟೆ ಎಲ್ಲ ಅಲ್ಲಿಗೇ ಹೋಗಲಿ. ಹೆಚ್ಚಿನ ಮಷಿನ್‌ಗಳಲ್ಲಿ ಸೋಲುವುದು ಝಡ್, ಇಲ್ಲವೇ ತೊಲೆ ತಿರುಚಿಕೊಳ್ಳುವುದು.

ಮೂಲೆಮಟ್ಟ ನೋಡುವುದು ಹೇಗೆ?

ಮಷಿನ್‌ನಿಂದಲೇ ಒಂದು ಹಲಗೆಯಲ್ಲಿ 400 ಮತ್ತು 300 ಮಿ.ಮೀ. ಬದಿಗಳ ಆಯತದ ನಾಲ್ಕು ಮೂಲೆಗೆ ತೂತು ಹಾಕಿಸಿ. ಎರಡು ಕರ್ಣಗಳೂ 500 ಬರಬೇಕು. ಒಂದು ಉದ್ದ, ಇನ್ನೊಂದು ಗಿಡ್ಡವಾದರೆ ಗ್ಯಾಂಟ್ರಿ ಓರೆ; ಎರಡೂ ಸಮವಾಗಿದ್ದು 500 ಅಲ್ಲವಾದರೆ ಸ್ಟೆಪ್ ಲೆಕ್ಕ ತಪ್ಪು. ಸ್ಪಿಂಡಲ್ ಲಂಬವಾಗಿದೆಯೇ ಎಂದು ತಿಳಿಯಲು ಕಾಲೆಟ್‌ಗೆ ಅಡ್ಡ ಸರಳು ಹಿಡಿಸಿ, ತುದಿಗೆ ಡಯಲ್ ಗೇಜ್ ಕಟ್ಟಿ ಟೇಬಲ್ ಮೇಲೆ ಕೈಯಿಂದ ಸುತ್ತಿಸಿ.

ಅಲ್ಯೂಮಿನಿಯಂಗೆ ಯಾವ ಟೂಲ್, ಎಷ್ಟು ವೇಗ?

ಒಂದೇ ಹಲ್ಲಿನ, ನುಣುಪಾಗಿ ಪಾಲಿಶ್ ಮಾಡಿದ ಕಾರ್ಬೈಡ್ ಟೂಲ್. ರೂಟರ್‌ನ ಸುತ್ತು ಜಾಸ್ತಿ. ಹಲ್ಲು ಹೆಚ್ಚಿದ್ದರೆ ಪ್ರತಿ ಹಲ್ಲಿಗೂ ಸರಿಯಾದ ಚಿಪ್ ಕೊಡಲು ಮಷಿನ್ ವಿಪರೀತ ವೇಗವಾಗಿ ಓಡಬೇಕಾಗುತ್ತದೆ. ಅಲ್ಯೂಮಿನಿಯಂ ಬೆರೆತ ಲೇಪನ (ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್) ಬೇಡ, ಚಿಪ್ ಅದಕ್ಕೆ ಅಂಟುತ್ತದೆ.

ಸುತ್ತು × ಹಲ್ಲು × ಚಿಪ್ ದಪ್ಪ = ಫೀಡ್ (ಟೂಲ್ ಮುಂದೆ ಸಾಗುವ ವೇಗ). 6 ಮಿ.ಮೀ. ಟೂಲ್, 18,000 ಸುತ್ತು, ಒಂದು ಹಲ್ಲು, 0.04 ಎಂದರೆ ನಿಮಿಷಕ್ಕೆ 720 ಮಿ.ಮೀ. ಭಯಕ್ಕೆ ಇದನ್ನು 200ಕ್ಕೆ ಇಳಿಸುವವರೇ ಹೆಚ್ಚು. ಆಗ ಚಿಪ್ 0.011ಕ್ಕೆ ಇಳಿದು ಹಲ್ಲು ಉಜ್ಜತೊಡಗುತ್ತದೆ. ಭಯವಿದ್ದರೆ ಆಳ ಕಡಿಮೆ ಮಾಡಿ, ಫೀಡ್ ಅಲ್ಲ. 0.3 ಮಿ.ಮೀ. ಆಳದಿಂದ ಶುರು ಮಾಡಿ ಏರಿಸುತ್ತಾ ಹೋಗಿ. ಬರುತ್ತಿರುವುದು ಹೊಳೆಯುವ ಪುಟ್ಟ ಸುರುಳಿ ಚಿಪ್ ಆದರೆ ಸರಿಯಾಗಿದೆ. ಮಸುಕು ಪುಡಿಯಾದರೆ ಉಜ್ಜುತ್ತಿದೆ.

ಟೂಲನ್ನು ನೇರ ಕೆಳಗೆ ಇಳಿಸಬೇಡಿ, ಇಳಿಜಾರಾಗಿ ಅಥವಾ ಸುರುಳಿಯಾಗಿ ಇಳಿಸಿ. ಚಿಪ್ ನಿಂತಲ್ಲೇ ಮತ್ತೆ ಕತ್ತರಿಸದಂತೆ ಗಾಳಿ ಊದುತ್ತಿರಲಿ, ಕತ್ತರಿಸುವ ಎಣ್ಣೆಯ ತೆಳು ಹನಿ ಸಾಕು. ಮೆತ್ತನೆಯ ಶುದ್ಧ ಅಲ್ಯೂಮಿನಿಯಂ ತಗಡು ಗಮ್ಮಿನಂತೆ ಅಂಟುತ್ತದೆ; ಕಲಿಯಲು 6061-ಟಿ6 ತೆಗೆದುಕೊಳ್ಳಿ. ಸ್ಪಿರಿಟ್ ಸಿಂಪಡಿಸುವ ಪದ್ಧತಿಯೂ ಇದೆ, ಆದರೆ ಬ್ರಷ್ ಇರುವ ಟ್ರಿಮ್ ರೂಟರ್ ಒಳಗೆ ಕಿಡಿ ಹಾರುತ್ತಿರುತ್ತದೆ. ಆವಿಗೆ ಬೆಂಕಿ ಹಿಡಿಯುವ ಅಪಾಯ ನಿಜ, ಹಾಗಾಗಿ ಅದನ್ನು ಬಳಸಬೇಡಿ.

ಮರಕ್ಕೆ?

ಎರಡು ಹಲ್ಲಿನ 6 ಮಿ.ಮೀ. ಟೂಲ್, 16,000 ಸುತ್ತು, 0.1 ಚಿಪ್, ಅಂದರೆ 3,200 ಮಿ.ಮೀ. ಫೀಡ್. ಪ್ಲೈವುಡ್‌ನ ಮೇಲ್ಪದರ ಕಿತ್ತುಬರುತ್ತಿದ್ದರೆ ಡೌನ್‌ಕಟ್ ಟೂಲ್ (ಪುಡಿಯನ್ನು ಕೆಳಗೆ ತಳ್ಳುವ ಸುರುಳಿ) ಹಾಕಿ. ಆಳದ ಗುಂಡಿಗೆ ಅಪ್‌ಕಟ್, ಪುಡಿ ಮೇಲೆ ಬರುತ್ತದೆ.

ಧೂಳಿಗೆ ವ್ಯಾಕ್ಯೂಮ್ ಬೇಕೇಬೇಕೆ?

ಬೇಕು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ ಧೂಳು ಇನ್ನೂ ನುಣ್ಣಗಿರುತ್ತದೆ, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಇನ್ನೊಂದು ಎಚ್ಚರಿಕೆ ಎರಡೂ ಕೆಲಸ ಮಾಡುವವರಿಗೇ: ಮರದ ಪುಡಿ ತುಂಬಿದ ವ್ಯಾಕ್ಯೂಮ್‌ಗೆ ಬಿಸಿ ಅಲ್ಯೂಮಿನಿಯಂ ಚಿಪ್ ಎಳೆದುಕೊಳ್ಳಬೇಡಿ. ಚೀಲದೊಳಗೆ ಹೊಗೆಯಾಡಿ, ನೀವು ಬಾಗಿಲು ಹಾಕಿ ಹೋದ ಮೇಲೆ ಬೆಂಕಿಯಾಗಬಹುದು. ಎರಡಕ್ಕೂ ಬೇರೆ ಬೇರೆ ಡಬ್ಬ ಇಡಿ.

ಎಮರ್ಜೆನ್ಸಿ ಸ್ವಿಚ್ ಕೈಗೆಟುಕುವಲ್ಲಿರಲಿ, ಸಾಫ್ಟ್‌ವೇರ್‌ಗೆ ಸೂಚನೆ ಕೊಡುವುದಷ್ಟೇ ಅಲ್ಲದೆ ಕರೆಂಟನ್ನೇ ಕಡಿಯುವಂತಿರಲಿ. ಕನ್ನಡಕ ಹಾಕಿಕೊಳ್ಳಿ, ಕೈಗವಸು ಹಾಕಿಕೊಳ್ಳಬೇಡಿ. ಮಷಿನ್ ಓಡುವಾಗ ಬಿಟ್ಟುಹೋಗಬೇಡಿ.

ಕೆಲಸದ ತುಂಡನ್ನು ಹಿಡಿಯುವುದು ಹೇಗೆ?

ತೆಳು ತಟ್ಟೆಗೆ: ಮಾಸ್ಕಿಂಗ್ ಟೇಪನ್ನು ಟೇಬಲ್ಲಿಗೂ ತಟ್ಟೆಯ ಕೆಳಗೂ ಅಂಟಿಸಿ, ಎರಡು ಟೇಪಿನ ನಡುವೆ ಸೂಪರ್ ಗ್ಲೂ. ದಪ್ಪ ತುಂಡಿಗೆ ಕ್ಲಾಂಪ್. ಹೊರರೇಖೆ ಕತ್ತರಿಸುವಾಗ ಟ್ಯಾಬ್ (ತುಂಡನ್ನು ಹಲಗೆಗೆ ಹಿಡಿದಿಡುವ, ಕತ್ತರಿಸದ ಸಣ್ಣ ಸೇತುವೆ) ಬಿಡುವುದನ್ನು ಮರೆಯಬೇಡಿ, ಬಿಡಿಯಾದ ತುಂಡು ಟೂಲಿಗೆ ಸಿಕ್ಕಿ ಹಾರುತ್ತದೆ.

ಅಲ್ಯೂಮಿನಿಯಂ ತಟ್ಟೆಗಳನ್ನು ಮಿಲ್ಲಿಂಗ್ ಮಾಡಿಸುವ ಅನುಕೂಲವಿಲ್ಲ. ಎಲ್ಲಿಂದ ಶುರು ಮಾಡಲಿ?

ಪ್ಲೈವುಡ್‌ನಿಂದ. 18 ಮಿ.ಮೀ. ಪ್ಲೈ ಎರಡು ಪದರ ಅಂಟಿಸಿ ಗ್ಯಾಂಟ್ರಿಯ ಕಂಬ, ಝಡ್ ತಟ್ಟೆ ಮಾಡಿಕೊಳ್ಳಿ. ರೈಲ್, ಸ್ಕ್ರೂ, ಮೋಟರ್ ಮಾತ್ರ ಮೊದಲೇ ಒಳ್ಳೆಯವು ತೆಗೆದುಕೊಳ್ಳಿ, ಅವು ಮುಂದಕ್ಕೂ ಬರುತ್ತವೆ. ಆ ಮಷಿನ್‌ನಲ್ಲೇ 0.2 ಮಿ.ಮೀ. ಆಳ, 3 ಮಿ.ಮೀ. ಟೂಲ್ ಇಟ್ಟು ತಾಳ್ಮೆಯಿಂದ 12 ಮಿ.ಮೀ. ಅಲ್ಯೂಮಿನಿಯಂ ತಟ್ಟೆ ಕತ್ತರಿಸಬಹುದು. ಮೊದಲು ಝಡ್ ತಟ್ಟೆ ಕತ್ತರಿಸಿ, ಹಾಕಿ, ತಕ್ಕಡಿ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಗ್ಯಾಂಟ್ರಿಯ ಕಂಬಗಳು. ತೂತುಗಳನ್ನು ಮಾತ್ರ ಪೂರ್ತಿ ಅಳತೆಗೆ ಕೊರೆಯದೆ ಅರ್ಧ ಮಿ.ಮೀ. ಚಿಕ್ಕದಾಗಿ ಬಿಡಿ, ಗಟ್ಟಿಯಾದ ಝಡ್ ಕೂತ ಮೇಲೆ ಅದೇ ತಟ್ಟೆಯನ್ನು ಮತ್ತೆ ಟೇಬಲ್ಲಿಗೆ ಬಿಗಿದು ಅಳತೆಗೆ ತರಬಹುದು.